ಓನರಮ್ಮನ ರಾಕ್ಷಸರು

ರಾಕ್ಷಸನ ಬೆನ್ನ ಮೇಲೆ ಜಿಪ್ ಕಾಣುತ್ತಿತ್ತು. ಟಿವಿಯಲ್ಲಿ ಅವನು ರಟ್ಟಿನ ಊರೊಂದನ್ನು ತುಳಿದು ಪುಡಿಮಾಡುತ್ತಿದ್ದರೆ, ಚನ್ನರಾಯಪಟ್ಟಣದ ನನ್ನ ಬಾಡಿಗೆ ಮನೆಯ ಓನರಮ್ಮ ಕಡಲೆಕಾಯಿ ಸುಲಿಯುತ್ತಾ ಮರುಗುತ್ತಿದ್ದರು: "ಪಾಪ ಕಣವ್ವ, ಒಳಗಿರೋನ್ಗೆ ಎಷ್ಟ್ ಸೆಕೆ ಆಯ್ತದೋ!"

ಯಾವ ರಾಕ್ಷಸ ಬಂದರೂ ಇದೇ ಮಾತು. ನಡುರಾತ್ರಿ ಹಾಕುವ ಆ ಹಳೆಯ ಸಿನಿಮಾಗಳನ್ನು ಅವರು ಒಂದೂ ಬಿಡುತ್ತಿರಲಿಲ್ಲ. ಒಬ್ಬರೇ ನಕ್ಕರೆ ಜನ ಹುಚ್ಚು ಅಂದುಕೊಳ್ಳುತ್ತಾರೆಂದು ಮಹಡಿಯ ಕೋಣೆಯಿಂದ ನನ್ನನ್ನೂ ಕರೆಯುತ್ತಿದ್ದರು. ನಾಯಕಿ ಕಿರುಚಿ ಮೂರ್ಛೆ ಹೋದರೆ, "ಎದ್ದು ಓಡೇ, ಅವ್ನಿಗೆ ನೆಟ್ಟಗೆ ನಡ್ಯಕ್ಕೇ ಬರಾಕಿಲ್ಲ!" ಎಂದು ಅವಳನ್ನೇ ಬೈಯುತ್ತಿದ್ದರು.

ಒಂದು ರಾತ್ರಿ ರಾಕ್ಷಸ ತನ್ನ ಬಾಲವನ್ನೇ ತುಳಿದು ಬಿದ್ದ. ಓನರಮ್ಮ ನಕ್ಕ ಅಬ್ಬರಕ್ಕೆ ಪಕ್ಕದ ಮನೆಯವರು ಕಳ್ಳ ನುಗ್ಗಿದನೆಂದು ದೊಣ್ಣೆ ಹಿಡಿದು ಬಂದರು. ವಿಷಯ ತಿಳಿದದ್ದೇ, ಹಿರೀಸಾವೆಯಲ್ಲಿದ್ದ ಓನರಮ್ಮನ ಮಗನಿಗೆ ಫೋನು ಮಾಡಿ ದೂರು ಹೇಳಿದರು.

"ನಿನ್ ವಯಸ್ಗೆ ಇದೆಲ್ಲಾ ಬೇಕೇನವ್ವ? ಬೆಳಿಗ್ಗೆ ಬಂದು ಟಿವಿ ಎತ್ಕೊಂಡ್ ಓಯ್ತೀನಿ," ಎಂದು ಮಗ ಫೋನಿನಲ್ಲೇ ತಾಯಿಯನ್ನು ಗದರಿದ. ಓನರಮ್ಮ ಸಿನಿಮಾ ಪೂರ್ತಿ ನೋಡಿಯೇ ಮಲಗಿದರು.

ಬೆಳಿಗ್ಗೆ ಅವನು ಬರುವಷ್ಟರಲ್ಲಿ ತಲೆಗೆ ಸ್ನಾನ ಮಾಡಿ, ಪೆಟ್ಟಿಗೆಯಂಥ ಆ ಹಳೆಯ ಟಿವಿಗೆ ಅರಿಶಿನ ಕುಂಕುಮ ಹಚ್ಚಿ, ಅದರ ನೆತ್ತಿಯ ಮೇಲೆ ಮಾವಿನೆಲೆ, ತೆಂಗಿನಕಾಯಿಯ ಕಳಶ ಇಟ್ಟಿದ್ದರು.

"ಮುಟ್ಬ್ಯಾಡ ಕಣ್ಲಾ. ಕಳಸ ಕೂರ್ಸಿವ್ನಿ, ವರ್ಸ ತುಂಬೋಗಂಟ ಕದಲ್ಸಂಗಿಲ್ಲ."

ಮಗ ಹಿಂದೆ ಸರಿದು ಟಿವಿಗೆ ಕೈ ಮುಗಿದ. ಓನರಮ್ಮ ಅವನ ಹಣೆಗೂ ಕುಂಕುಮ ಇಟ್ಟು, ಹಿರೀಸಾವೆ ಬಸ್ಸು ಹತ್ತಿಸಿ ಬಂದರು.