ಕಾಟಾ ಖಲಂದರನ ಗೋಬಿ ಮೀನು

ಬಳ್ಳಾರಿಯ ಪಾರ್ವತಿನಗರದಲ್ಲಿ ಅವನನ್ನು ಕಾಟಾ ಖಲಂದರ್ ಎಂದೇ ಕರೆಯುತ್ತಾರೆ. ತೂಕದ ಕಾಟಾ ರಿಪೇರಿ ಅವನ ಕಸುಬು. ಸಿರುಗುಪ್ಪದ ಅಕ್ಕಿ ಗಿರಣಿ, ಕುರುಗೋಡಿನ ಅಂಗಡಿ ಎಂದು ತಿರುಗಿ, ತೂಕದ ಹೆಚ್ಚುಕಮ್ಮಿ ಹುಡುಕೀ ಹುಡುಕೀ ಅವನ ತಲೆಯಲ್ಲಿ ಅನುಮಾನ ಮನೆ ಕಟ್ಟಿತ್ತು. ಹಾಲಿನವನು ಬಂದರೆ ಹಾಲಿಗಿಂತ ಮೊದಲು ಅವನ ಮುಖ ನೋಡುವ ಆಸಾಮಿ. ಹೆಣ್ಣು ನೋಡಲು ಹೋದಲ್ಲೆಲ್ಲ ಒಂದೊಂದು ಗುಮಾನಿ ಹಚ್ಚಿಕೊಂಡು ಎದ್ದು ಬಂದು, ನಲವತ್ತೆಂಟಾದರೂ ಒಂಟಿಯಾಗೇ ಉಳಿದ. ಅವನಿಗೆಂದು ಇದ್ದವರು ಇಬ್ಬರೇ. ಒಬ್ಬಳು ತಾಯಿ ಸರ್ವರಬಿ, ಇನ್ನೊಬ್ಬ ಪಕ್ಕದ ಮನೆಯ ಓಬಳೇಶ. ಓಬಳೇಶ ಗಿರಣಿಗಳಲ್ಲಿ ವೈರಿಂಗ್ ಮಾಡುವವನು. ಇಬ್ಬರೂ ಒಂದೇ ಬೈಕಿನಲ್ಲಿ ಇಪ್ಪತ್ತು ವರ್ಷ ಊರೂರು ಸುತ್ತಿದವರು.

ಇಂಥ ಖಲಂದರ್ ಸಮುದ್ರದ ಮೀನು ಸಾಕಲು ಹೊರಟ. ಮಂಗಳೂರಿನ ಕಡೆ ಕೆಲಸಕ್ಕೆ ಹೋದಾಗ ಒಂದು ಹೋಟೆಲಿನಲ್ಲಿ ಕಂಡು ಮನಸೋತಿದ್ದ. ತೊಟ್ಟಿ ಇಪ್ಪತ್ತೇ ಲೀಟರಿನದು, ಕುಡಿಯುವ ನೀರಿನ ಕ್ಯಾನಿನಷ್ಟು. ಸಮುದ್ರದ ಉಪ್ಪನ್ನು ತನ್ನ ಕಾಟಾದಲ್ಲಿ ಗ್ರಾಂ ತಪ್ಪದಂತೆ ತೂಗಿ ನೀರಿಗೆ ಕಲಸಿದ. ಹೊಲಸು ಅರಗಿಸುವ ಸೂಕ್ಷ್ಮಜೀವಿಗಳು ತೊಟ್ಟಿಯಲ್ಲಿಟ್ಟ ಕಲ್ಲಿನಲ್ಲಿ ನೆಲೆಯೂರುವ ಮುಂಚೆ ಮೀನು ಬಿಟ್ಟರೆ ಸಾಯುತ್ತದೆಂದು ನಲವತ್ತು ದಿನ ಬರೀ ನೀರಿನ ಮುಂದೆ ಕೂತ. ಪರೀಕ್ಷೆಯಲ್ಲಿ ಮೀನಿಗೆ ವಿಷವಾದ ಅಮೋನಿಯಾ ಸೊನ್ನೆ ಬಂದಾಗಲೂ ನಂಬದೆ ಇನ್ನೊಂದು ಕಂಪನಿಯ ಕಿಟ್ ತರಿಸಿದ. ಬೆಂಗಳೂರಿನ ಮೀನಿನಂಗಡಿಯವನು ಮೂರು ಮೀನು ಆರಾಮಾಗಿ ಇರುತ್ತವೆ ಎಂದ. ಮಾರುವವನ ಮಾತು ಕೇಳಿಯಾರೇ! ಮೊದಲು ಎರಡು ಬಸವನಹುಳು ಬಿಟ್ಟ. ಅವು ಎರಡು ವಾರ ಬದುಕಿದ ಮೇಲೆ, ಬೆರಳುದ್ದವೂ ಇಲ್ಲದ ಒಂದೇ ಒಂದು ಹಳದಿ ಗೋಬಿ ಮೀನು ತರಿಸಿದ.

"ಗೋಬಿ ಅಂದ್ರ ಬಂಡ್ಯಾಗ ಕರೀತಾರಲ್ಲ, ಅದಾ?" ಎಂದಳು ಸರ್ವರಬಿ.

ಒಂದಷ್ಟು ದಿನ ಮೀನು ಚೆನ್ನಾಗಿತ್ತು. ಆಮೇಲೆ ತೊಟ್ಟಿಯಲ್ಲಿ ಉಪ್ಪು ಏರತೊಡಗಿತು. ಬಳ್ಳಾರಿ ಬಿಸಿಲಿಗೆ ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ಆರಿದಷ್ಟು ಸಿಹಿನೀರು ಸುರಿಯಬೇಕು. ಖಲಂದರ್ ಒಬ್ಬನೇ ಪರವೂರಿಗೆ ಹೋದ ದಿನ ಆ ಕೆಲಸ ಓಬಳೇಶನದು. ನೀರೇನೋ ಗೆರೆಗೆ ಸರಿಯಾಗಿ ಇರುತ್ತಿತ್ತು, ಆದರೆ ಉಪ್ಪು ಅಳೆಯುವ ಮಾಪಕದ ಮುಳ್ಳು ವಾರವಾರಕ್ಕೂ ಮೇಲೆ ಸರಿಯುತ್ತಿತ್ತು. ಮೀನು ಮೂಲೆ ಹಿಡಿದು ತಿನ್ನುವುದು ಬಿಟ್ಟಿತು. ಖಲಂದರ್ ಉಪ್ಪಿನ ಪ್ಯಾಕೆಟ್ ತೂಗಿ ನೋಡಿದ. ಒಂದು ಗ್ರಾಂ ಕಡಿಮೆಯಾಗಿರಲಿಲ್ಲ. ಹಾಗಾದರೆ ಓಬಳೇಶ ಹೊರಗಿನ ಉಪ್ಪು ತಂದು ಹಾಕುತ್ತಿದ್ದಾನೆ! ಖಲಂದರನ ಲೆಕ್ಕ ಹೋದದ್ದೇ ಹಾಗೆ.

ಸರ್ವರಬಿ ಮೋಕಾ ಊರಿನ ತಂಗಿಯ ಮನೆಗೆ ಹೋಗಿದ್ದ ದಿನ ಓಬಳೇಶ ನೀರಿನ ಜಗ್ ಹಿಡಿದು ಬಂದ.

"ಮೀನ ಯಾಕ ಸಪ್ಪಗ ಐತಿ ಲೇ?"

"ನೀನ ಹೇಳಬೇಕು. ನಾ ಇಲ್ದಾಗ ಇದ್ರಾಗ ಏನ್ ಹಾಕ್ತಿ?"

"ನೀರು. ಮತ್ತೇನ್ ಹಾಕ್ಲಿ?"

"ಉಪ್ಪು ಹೆಂಗ ಏರ್ತೈತಿ ಹಂಗಾರ?"

ಓಬಳೇಶ ನಕ್ಕುಬಿಟ್ಟ. "ಅನುಮಾನಂ ಪೆನುಭೂತಂ ಅಂತಾರ ತೆಲುಗಿನವ್ರು. ಆ ಭೂತ ನಿನ್ನ ಹೆಗಲಮ್ಯಾಲೇ ಕುಂತೈತಿ ಲೇ."

ಖಲಂದರ್ ನಗಲಿಲ್ಲ. "ನಾಳಿಯಿಂದ ನಮ್ಮ ಮನ್ಯಾಗ ಕಾಲಿಡಬ್ಯಾಡ" ಎಂದ.

ಓಬಳೇಶ ಜಗ್ಗನ್ನು ಮೆಲ್ಲಗೆ ನೆಲಕ್ಕಿಟ್ಟು ಹೊರಟುಹೋದ.

ಅವನು ಬರುವುದು ನಿಂತಿತು, ಉಪ್ಪು ಏರುವುದು ನಿಲ್ಲಲಿಲ್ಲ. ಕಿಟಕಿಯಿಂದ ಹಾಕುತ್ತಿರಬೇಕೆಂದು ಖಲಂದರ್ ಕಿಟಕಿಗೂ ಜಾಲರಿ ಹೊಡೆಸಿದ. ಹುಚ್ಚಿಗೆ ಮಿತಿ ಬೇಡವೇ!

ಮುಂದಿನ ಗುರುವಾರ ಕುರುಗೋಡಿನ ಕೆಲಸ ಬೇಗ ಮುಗಿಯಿತು. ಮನೆಗೆ ಬಂದು ನೋಡಿದರೆ, ಸರ್ವರಬಿ ಹಿಡಿ ಕಲ್ಲುಪ್ಪನ್ನು ತೊಟ್ಟಿಯ ಸುತ್ತ ಮೂರು ಸಲ ನಿವಾಳಿಸಿ, ಮುಚ್ಚಳ ಎತ್ತಿ ಒಳಗೇ ಹಾಕಿದಳು.

"ಅಮ್ಮಾ!"

"ಯಾಕ ಚೀರ್ತಿ? ಮೀನಿಗೆ ನದರಾಗೈತಿ. ಗುರುವಾರಕ್ಕೊಮ್ಮೆ ತಗೀತೀನಿ. ನದರು ತಗದ ಉಪ್ಪು ನೀರಾಗ ಕರಗಬೇಕು. ಇದ್ರಾಗ ಹೆಂಗಿದ್ರೂ ಉಪ್ಪುನೀರೇ ಐತಲ್ಲ."

"ನಂಗ್ಯಾಕ ಹೇಳಲಿಲ್ಲ?"

"ನೀ ನನ್ನ ಎಲ್ಲಿ ಕೇಳಿದಿ? ಓಬಳೇಶನ್ನ ಕೇಳಿದಿಯಂತ."

ಆದರೂ ಖಲಂದರನ ಹಾಳು ಬುದ್ಧಿ ಬಿಡಬೇಕಲ್ಲ. "ಯಾರ ನದರು ಅದು? ಓಬಳೇಶಂದಾ?"

"ನಿಂದ. ಮುಂಜಾನಿ ಎದ್ದು ಕುಂತು ಕಳ್ಳನ್ನ ನೋಡಿದಂಗ ನೋಡ್ತಿ. ಹಂಗ ನೋಡಿದ್ರ ಕಲ್ಲೂ ಸೀಳ್ತೈತಿ."

ಖಲಂದರ್ ಹೊಸ ಉಪ್ಪುನೀರನ್ನು ಹದವಾಗಿ ಕಲಸಿ, ಎರಡು ದಿನ ಸ್ವಲ್ಪಸ್ವಲ್ಪವೇ ಬದಲಿಸಿದ. ಮೂರನೆಯ ದಿನ ಗೋಬಿ ಮೂಲೆ ಬಿಟ್ಟು ಬಂದು ಒಂದು ಚೂರು ತಿಂದಿತು. ಆ ಖುಷಿಯಲ್ಲೇ, ಚಪ್ಪಲಿಯನ್ನೂ ಮೆಟ್ಟದೆ, ಪಕ್ಕದ ಮನೆಗೆ ಹೋದ.

"ಓಬಳೇಶ, ತಪ್ಪಾತು. ಉಪ್ಪು ಹಾಕಿದ್ದು ನಮ್ಮಮ್ಮ."

ಓಬಳೇಶ ಎದ್ದು ನಿಂತ. ಟವೆಲಿನಿಂದ ಕುರ್ಚಿ ಒರೆಸಿ ಮುಂದೆ ಸರಿಸಿದ.

"ಬರ್ರಿ ಸಾಬ್ರ, ಕುಂದರ್ರಿ. ಮೀನು ಆರಾಮ ಐತೇನ್ರಿ?"

ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಖಲಂದರನಿಗೆ ಅದೇ ಹೆದರಿಕೆಯಾಯಿತು. ಕುರ್ಚಿ ಹಿಡಿದು ನಿಂತೇ ಇದ್ದ.

"ಮೊದಲಿನಂಗ 'ಲೇ' ಅನ್ನು ಲೇ" ಎಂದ.

"ಹಂಗೆಲ್ಲ ಅನ್ನಬಾರದ್ರಿ" ಎಂದು ಓಬಳೇಶ ಚಾ ಹೇಳಲು ಒಳಗೆ ಹೋದ.