ನುಗ್ಗೆಯ ನೆರಳಿನ ಎಲೆತೋಟ

ಸವಣೂರಿನಲ್ಲಿ ನಮ್ಮ ಹಿತ್ತಲಿಗೆ ಹತ್ತಿಕೊಂಡೇ ಒಬ್ಬ ಹಿರಿಯ ಯಜಮಾನರ ಎಲೆತೋಟವಿತ್ತು. ನುಗ್ಗೆಗಿಡಗಳ ಮೇಲೆ ವೀಳ್ಯದೆಲೆಯ ಬಳ್ಳಿ ಹಬ್ಬಿಸಿದ್ದರು. ಚಪ್ಪಲಿ ಹೊರಗೇ ಬಿಟ್ಟು ಒಳಗೆ ಹೋಗಿ, ಒಂದೊಂದು ನುಗ್ಗೆಯನ್ನೂ ಬೆನ್ನು ತಟ್ಟಿದ ಹಾಗೆ ಮುಟ್ಟುತ್ತಿದ್ದರು. “ಗಿಡ ನಿಂತ್ರ ಬಳ್ಳಿ ನಿಂತೀತ್ರಿ, ಅಕ್ಕಾರ” ಅನ್ನುವರು, ದಿನಾ. ನಾನು ಓದಿದ ಕಾನ್ವೆಂಟಿನ ಬಾಟನಿ ಸಿಸ್ಟರ್ ಕಂಡಿದ್ದರೆ, ಪರ್ಫೆಕ್ಟ್ ಪಾರ್ಟ್‌ನರ್‌ಶಿಪ್ ಅನ್ನುತ್ತಿದ್ದರು.

ಹೋದ ಬೇಸಿಗೆಯಲ್ಲಿ ನುಗ್ಗೆಗೆ ಕಂಬಳಿಹುಳ ಬಿದ್ದವು. ಎಲೆ ಕೊಯ್ಯುವ ಹೆಂಗಸರು ಮೈ ತುರಿಸಿಕೊಳ್ಳುತ್ತ, “ನಾವು ಒಲ್ಲೆವ್ರಿ ಯಜಮಾನ್ರ” ಎಂದು ಹೊರಟೇಹೋದರು.

“ಒಂದ್ಸಲ ಸ್ಪ್ರೇ ಹೊಡೀರಲ್ಲ” ಅಂದೆ.

“ಮ್ಯಾಲ ಹೊಡದ್ರ ಎಲಿಗೆ ಇಳೀತೈತ್ರಿ. ಮಂದಿ ಬಾಯಾಗ ಹಾಕ್ಕೊಳ್ಳೋದು.”

ನುಗ್ಗೆಯ ಟೊಂಗೆಗಳನ್ನೆಲ್ಲ ಕಡಿದು ಸುಟ್ಟರು. ಹುಳ ಹೋದವು, ನೆರಳೂ ಹೋಯಿತು. ವಾರದೊಳಗೆ ಬಳ್ಳಿಯೆಲ್ಲ ಬಿಸಿಲಿಗೆ ಕರಕಾಯಿತು. ಆದರೂ ಅವರು ನೀರು ಹಾಯಿಸುತ್ತಲೇ ಇದ್ದರು. “ಬೇರಿನಾಗ ಜೀವ ಇದ್ದೀತ್ರಿ” ಅಂದರು. ಇರಲಿಲ್ಲ.

ಆಮೇಲೆ ಅವರು ತೋಟದ ಕಡೆ ಬರಲಿಲ್ಲ. ಮತ್ತೆ ಅವರನ್ನು ಕಂಡದ್ದು ಒಮ್ಮೆಯೇ, ಬಜಾರಿನ ಪಾನ್ ಅಂಗಡಿಯ ಮುಂದೆ. ಅಂಗಡಿಯವ ಕೊಟ್ಟ ಎಲೆಯನ್ನು ಮೂಸಿದರು, ಧೋತರಕ್ಕೆ ಒರೆಸಿದರು, ಮತ್ತೆ ಮೂಸಿದರು. ಕೊನೆಗೆ ಎಲೆಯನ್ನು ಮೆಲ್ಲಗೆ ವಾಪಸ್ ಇಟ್ಟು, ಬರೀ ಅಡಿಕೆ ಬಾಯಿಗೆ ಹಾಕಿಕೊಂಡು ನಡೆದರು.