ಅವ್ವನ ಉಪವಾಸ ಹೊತ್ತವರು

ನರ್ಸಬಾಯಿಯವರ ಬಲಗೈ ಹೆಬ್ಬೆರಳು ಚಪ್ಪಟೆಯಾಗಿ ಅಗಲವಾಗಿತ್ತು. ಉಗುರನ್ನು ಬುಡದವರೆಗೆ ಕತ್ತರಿಸಿರುತ್ತಿದ್ದರು. ನಮ್ಮ ಮನೆಗೆ ಬಂದರೆ ಮೊದಲು ಆ ಹೆಬ್ಬೆರಳನ್ನು ಅವ್ವನ ಕಣಕಾಲ ಮೇಲೆ ಒತ್ತುವುದು, ಆಮೇಲೆ "ಆರಾಮ ಅದೀರಿ?" ಎಂದು ಕೇಳುವುದು. ಬೆರಳು ತೆಗೆದರೆ ನಾದಿದ ಹಿಟ್ಟಿನಲ್ಲಿ ಬಿದ್ದಂತೆ ಕುಣಿ ಉಳಿದಿರುತ್ತಿತ್ತು. ಅದು ತುಂಬುವವರೆಗೆ ಅವರೂ ಮಾತಾಡುತ್ತಿರಲಿಲ್ಲ, ನನ್ನನ್ನೂ ಮಾತಾಡಗೊಡುತ್ತಿರಲಿಲ್ಲ.

ಸರಕಾರಿ ದವಾಖಾನೆಯಲ್ಲಿ ದುಡಿದು ನಿವೃತ್ತರಾದವರು. ಕಾಗವಾಡದ ಕಡೆಯ ನಮ್ಮ ಹಳ್ಳಿಯಲ್ಲಿ ನಮ್ಮಿಂದ ಎರಡನೇ ಮನೆ ಅವರದು. ಮಂಗಸೂಳಿ ಮಲ್ಲಯ್ಯನಿಗೆ ನಡೆದುಕೊಳ್ಳುವ ಮನೆತನ. ಹಣೆಯ ಮೇಲೆ ಮಲ್ಲಯ್ಯನ ಭಂಡಾರದ ಅರಿಸಿನ ಇಲ್ಲದ ದಿನ ನಾನು ಕಂಡಿಲ್ಲ. ನಾವು ಜೈನರು, ದ್ರಾಕ್ಷಿ ಬೆಳೆಯುವವರು. ಊರೆಲ್ಲ ಅವರಿಗೆ ಅಂಜುತ್ತಿತ್ತು. ನಾನೂ ಅಂಜುತ್ತಿದ್ದೆ, ಅದಕ್ಕೇ ಆಗಾಗ ಅವರ ಜೋಡಿ ಜಗಳಕ್ಕೂ ನಿಲ್ಲುತ್ತಿದ್ದೆ.

ಅವ್ವನ ಬಿ.ಪಿ. ಹಳೆಯದು. ಕಾಲು ಬಾತು ಚಪ್ಪಲಿ ಹಿಡಿಯದಂತಾದಾಗ ಅಥಣಿಯ ಡಾಕ್ಟರು ಮೈಯಲ್ಲಿ ನಿಂತ ನೀರು ಇಳಿಸುವ ಗುಳಿಗೆ ಬರೆದುಕೊಟ್ಟರು. ಅವ್ವ ಅದನ್ನು ಸಂಜೆ ನುಂಗಿ, ರಾತ್ರಿಯೆಲ್ಲ ಒಂದಕ್ಕೆ ಎದ್ದು ಎದ್ದು ಬೇಸತ್ತು, ನಾಲ್ಕೇ ದಿನಕ್ಕೆ ಬಿಟ್ಟುಬಿಟ್ಟಳು. ಸುದ್ದಿ ತಿಳಿದ ನರ್ಸಬಾಯಿ ನಮ್ಮ ಪಡಸಾಲೆಯಲ್ಲಿ ಕೋರ್ಟು ನಡೆಸಿದರು. ಗುಳಿಗೆ ಮುಂಜಾನೆ ನಾಷ್ಟಾ ಆದ ಮೇಲೆ. ಡಾಕ್ಟರನ್ನು ಕೇಳದೆ ಬಿಡುವಂತಿಲ್ಲ. ಒಂದು ದಿನ ತಪ್ಪಿತೆಂದು ಮರುದಿನ ಎರಡು ನುಂಗುವಂತೆಯೂ ಇಲ್ಲ. ಮೊಣಕಾಲು ನೋವೆಂದು ಅಂಗಡಿಯಿಂದ ನೋವಿನ ಗುಳಿಗೆ ತರಿಸಿದರೆ ತಾವು ಈ ಮನೆಯ ಹೊಸ್ತಿಲು ತುಳಿಯುವುದಿಲ್ಲ ಎಂದರು. ಉಪ್ಪಿನಕಾಯಿ ಭರಣಿಯನ್ನು ತಾವೇ ಎತ್ತಿ ಅಟ್ಟದ ಮೇಲಿಟ್ಟರು.

ಇನ್ನು ತೂಕ. ದಿನಾ ಮುಂಜಾನೆ ಅವ್ವನನ್ನು ತೂಗಬೇಕಂತೆ. ಎರಡು ದಿನದಲ್ಲಿ ಎರಡು ಕಿಲೋ ಏರಿದರೆ ನೀರು ತುಂಬುತ್ತಿದೆ ಎಂದು ತಿಳಿದು ಡಾಕ್ಟರಿಗೆ ಫೋನು ಮಾಡಬೇಕಂತೆ. ಮನೆಯಲ್ಲಿ ತೂಕದ ಯಂತ್ರ ಎಲ್ಲಿಂದ ಬರಬೇಕು? ಒಣದ್ರಾಕ್ಷಿ ಪೆಟ್ಟಿಗೆ ತೂಗುವ ಕಾಟಾ ಶೆಡ್ಡಿನಲ್ಲಿದೆಯಲ್ಲ ಎಂದರು. ಹೆತ್ತ ತಾಯಿಯನ್ನು ಕಾಟಾದ ಮೇಲೆ ನಿಲ್ಲಿಸಲೇ ಎಂದು ಸಿಡುಕಿದೆ.

"ದ್ರಾಕ್ಷಿಗೆ ದಿನಾ ನಾಕ ಸಲ ತೂಕ ನೋಡ್ತಿ. ಅವ್ವಗ ಒಮ್ಮಿ ನೋಡಾಕ ಏನ ಧಾಡಿ ತಮ್ಮಾ?" ಎಂದರು.

ಅವ್ವನನ್ನು ಕಾಟಾದ ಮೇಲೆ ನಿಲ್ಲಿಸಿದೆ. ಹದಿನೈದು ದಿನದಲ್ಲಿ ಬಾವು ಇಳಿದು ಅವ್ವ ಚಪ್ಪಲಿ ಮೆಟ್ಟಿ ಬಸದಿಗೆ ಹೋಗತೊಡಗಿದಳು.

ಅಷ್ಟರಲ್ಲಿ ಭಾದ್ರಪದದ ಅನಂತ ಚತುರ್ದಶಿ ಬಂತು. ಹಿಂದಿನ ದಿನ ಹೊತ್ತು ಮುಳುಗಿದಾಗಿನಿಂದ ಮರುದಿನ ಹೊತ್ತು ಹುಟ್ಟುವವರೆಗೆ ಹನಿ ನೀರೂ ಇಲ್ಲದ ಉಪವಾಸ. ಮದುವೆಯಾಗಿ ಬಂದ ವರ್ಷದಿಂದ ಅವ್ವ ಅದನ್ನು ತಪ್ಪಿಸಿದವಳಲ್ಲ. ಮುಂಜಾನೆ ನಾನು ಗುಳಿಗೆಯ ಮಾತೆತ್ತಿದರೆ ಅವ್ವ ನಕ್ಕಳು. ನೀರಿಲ್ಲದೆ ಒಣ ಗುಳಿಗೆಯನ್ನೇ ನುಂಗಿದ್ದಳಂತೆ. ಗುಳಿಗೆಯೂ ತಪ್ಪಲಿಲ್ಲ, ವ್ರತವೂ ಕೆಡಲಿಲ್ಲ ಎಂಬ ಹಿಗ್ಗು. ನಾನು ಭಲೇ ಎಂದೆ. ನನ್ನ ಬುದ್ಧಿಗೆ ಬೆಂಕಿ ಬೀಳಲಿ.

ಮಧ್ಯಾಹ್ನ ಬಸದಿಯಲ್ಲಿ ಪೂಜೆ ಮುಗಿಸಿ ಏಳಹೋದವಳು ಹಾಗೇ ಕುಸಿದುಬಿದ್ದಳು. ಎತ್ತಿಕೊಂಡು ಮನೆಗೆ ತಂದೆವು. ನರ್ಸಬಾಯಿ ಓಡಿಬಂದು ಕಾಲ ಕೆಳಗೆ ದಿಂಬು ಕೊಟ್ಟು ಬಿ.ಪಿ. ನೋಡಿದರು, ತೀರ ಇಳಿದಿತ್ತು. ಕಾರು ತರಲು ಹೇಳಿ ಏನೇನಾಯಿತೆಂದು ಕೇಳಿದರು. ಒಣ ಗುಳಿಗೆಯ ಕತೆ ಹೇಳಿದೆ. ಬೈಯುತ್ತಾರೆಂದು ತಲೆ ತಗ್ಗಿಸಿ ನಿಂತಿದ್ದೆ.

"ತಪ್ಪ ನಂದ ಐತಿ," ಎಂದರು. "ಬಿಡಬ್ಯಾಡ್ರಿ ಅಂತ ನೂರ ಸಲ ಹೇಳಿದೆ. ಉಪಾಸ ಇದ್ದ ದಿನಾ ಏನ ಮಾಡಬೇಕು, ಡಾಕ್ಟರನ ಕೇಳ್ರಿ ಅಂತ ಒಮ್ಮಿನೂ ಹೇಳಲಿಲ್ಲ."

ನನ್ನದೂ ತಪ್ಪಿದೆ ಎನ್ನುವ ಧೈರ್ಯ ನನಗೆ ಬರಲಿಲ್ಲ.

ಅವ್ವನಿಗೆ ಎಚ್ಚರವಾಯಿತು. ಒರಗಿಸಿ ಕೂರಿಸಿ ನೀರು ಹಿಡಿದರೆ ತುಟಿ ಬಿಗಿದು ಗೋಡೆಗೆ ಮುಖ ತಿರುಗಿಸಿದಳು. ಕೈಮುಗಿದೆ, ಗದರಿದೆ, ಅತ್ತೆ. ಉಹೂಂ. ಅವ್ವ ನನ್ನ ಕಣ್ಣೆದುರೇ ಹೋಗುತ್ತಾಳೆ ಎನಿಸಿತು.

ನರ್ಸಬಾಯಿ ಲೋಟ ಕೆಳಗಿಟ್ಟು ಅವ್ವನ ಕೈ ಹಿಡಿದರು.

"ಅಕ್ಕಾರ, ಈ ಉಪಾಸ ನನಗ ಕೊಡ್ರಿ. ನಾಳೆ ಹೊತ್ತ ಹುಟ್ಟೂತನಾ ನಾ ಹನಿ ನೀರ ಮುಟ್ಟಂಗಿಲ್ಲ. ಪಾಪ ಬಂದ್ರ ನನಗ ಬರ್ಲಿ."

ಅವ್ವ ಮೆಲ್ಲಗೆ, "ನೀವು ಮಲ್ಲಯ್ಯನ ಒಕ್ಕಲ..." ಎಂದಳು.

"ಮಲ್ಲಯ್ಯಗ ನಾ ಹೇಳಕೋತೇನಿ. ನೀವು ಕುಡೀರಿ."

ಅವ್ವ ಅವರನ್ನೇ ನೋಡುತ್ತ ಬಾಯಿ ತೆರೆದಳು. ಗುಟುಕು ಗುಟುಕಾಗಿ ಕುಡಿಸಿದರು.

ಅಥಣಿಯ ದವಾಖಾನೆಯಲ್ಲಿ ಸಲಾಯಿನ್ ಹಚ್ಚಿದರು, ರಕ್ತ ತಪಾಸಣೆ ಮಾಡಿದರು. ಮೈಯ ನೀರೂ ಲವಣಗಳೂ ಇಳಿದಿದ್ದವಂತೆ. ಡಾಕ್ಟರು ಗುಳಿಗೆಯ ಪ್ರಮಾಣ ಬದಲಿಸಿ, ಉಪವಾಸವಿರಲಿ, ವಾಂತಿ ಭೇದಿಯಿರಲಿ, ಅಂಥ ದಿನ ಗುಳಿಗೆ ನುಂಗುವ ಮೊದಲು ತಮಗೆ ಫೋನು ಮಾಡಬೇಕೆಂದರು. ನಾನು ಚಹಾ ತಂದರೆ ನರ್ಸಬಾಯಿ ಕಪ್ಪನ್ನು ಸರಿಸಿದರು. ಮರುದಿನ ಹೊತ್ತು ಹುಟ್ಟಿದ ಮೇಲೆ ಅವ್ವನ ಕೈಯಿಂದಲೇ ನೀರು ಕುಡಿದರು.

ಮುಂದೆ ಪ್ರತಿ ವರ್ಷ ಅವ್ವನ ಚತುರ್ದಶಿ ಅವರದೇ ಆಯಿತು. ಅವ್ವ ಉಂಡು ಗುಳಿಗೆ ನುಂಗುತ್ತಿದ್ದಳು, ಇವರು ತುಟಿ ಒಣಗಿಸಿಕೊಂಡು ನಮ್ಮ ಕಟ್ಟೆಯ ಮೇಲೆ ಊರವರಿಗೆ ಬೈಯುತ್ತ ಕೂತಿರುತ್ತಿದ್ದರು. ಹೀಗೆ ಆರು ವರ್ಷ ನಡೆಯಿತು. ಹೋದ ವರ್ಷ ಮಳೆಗಾಲದ ಮೊದಲಿಗೆ, ರಾತ್ರಿ ಮಲಗಿದ ನರ್ಸಬಾಯಿ ಮತ್ತೆ ಏಳಲಿಲ್ಲ.

ಆಮೇಲೆ ಬಂದ ಚತುರ್ದಶಿಯಂದು ಅವ್ವ ತಾಟಿನ ಮುಂದೆ ಕೂತಳು, ಅನ್ನ ಮುಟ್ಟಲಿಲ್ಲ. ನರ್ಸಬಾಯಿಯವರು ಇಲ್ಲವಲ್ಲ ಎಂದಳು. ನಾನು ಚಹಾ ಇಲ್ಲದೆ ತಾಸು ನಿಲ್ಲುವವನಲ್ಲ. ಹುಟ್ಟಿದಾಗಿನಿಂದ ಒಂದೂ ವ್ರತ ಹಿಡಿದವನಲ್ಲ.

"ಉಣ್ಣ ಬೇ," ಎಂದೆ. "ಈ ಸಲ ಉಪಾಸ ನಾ ಇರತೇನಿ."

ಅವ್ವ ತಾಟು ಹತ್ತಿರ ಎಳೆದುಕೊಂಡಳು.

ಮೂರು ಗಂಟೆಯ ಹೊತ್ತಿಗೆ ನನ್ನ ನಾಲಿಗೆ ಅಂಗುಳಕ್ಕೆ ಅಂಟಿತು. ಅರವತ್ತು ದಾಟಿದ ಹೆಂಗಸು, ನಮ್ಮ ಜಾತಿಯವರಲ್ಲ, ಬಳಗದವರಲ್ಲ, ನನ್ನ ಅವ್ವನ ಸಲುವಾಗಿ ವರ್ಷವರ್ಷವೂ ಇದನ್ನು ತಡೆದುಕೊಂಡಿದ್ದರು. ಒಮ್ಮೆಯಾದರೂ ನಾನು ಅವರಿಗೆ ನೀರಡಿಕೆಯಾಯಿತೇ ಎಂದು ಕೇಳಿರಲಿಲ್ಲ. ಬಸದಿಯ ಕಟ್ಟೆಯ ಮೇಲೆ ಕೂತು, ಯಾರು ನೋಡಿದರೂ ನೋಡಲಿ ಎಂದು ಅತ್ತುಬಿಟ್ಟೆ.